ತೂಕ ಬಂತು, ಕಾಳಿನಲ್ಲಿ ಸತ್ವ ಬಂತಾ? ಮೆಕ್ಕೆಜೋಳ ಬೆಳೆಯುವವರು ದಯವಿಟ್ಟು ಹೇಳಿ

ಶಿಕಾರಿಪುರ ನಾಲ್ಕೆಕರೆ | ಸೆಪ್ಟೆಂಬರ್ 21

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಕಾರಿಪುರ ತಾಲ್ಲೂಕು. ನಾಲ್ಕು ಎಕರೆ ಖುಷ್ಕಿ, ಮಳೆ ನಂಬಿ ಮೆಕ್ಕೆಜೋಳ ಹಾಕುತ್ತೇವೆ. ಮನೆಯಲ್ಲಿ ಎರಡು ಹಸು, ಹದಿನಾರು ನಾಟಿ ಕೋಳಿ. ನಮ್ಮಲ್ಲಿ ಜೋಳ ಅಂದರೆ ಈ ಮೆಕ್ಕೆಜೋಳವೇ. ಹೆಚ್ಚು ಪಾಲು ಮಂಡಿಗೆ ಹೋಗುತ್ತದೆ. ಎಂಟು ಚೀಲ ಮನೆಗೆ ಇಟ್ಟುಕೊಳ್ಳುತ್ತೇವೆ. ಕೋಳಿಗೆ ಕಾಳು, ಹಸುವಿಗೆ ನುಚ್ಚು, ಆಗಾಗ ನಮಗೂ ರೊಟ್ಟಿ.

ಹೋದ ವರ್ಷ ತೂಕ ಚೆನ್ನಾಗಿ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಈ ಮಳೆಗಾಲ ನರಿ ಕಾಟ ಅಂತ ಕೋಳಿಗಳನ್ನು ಗೂಡಲ್ಲೇ ಇಟ್ಟು, ಬರೀ ಅದೇ ಜೋಳ ಹಾಕಿದೆವು. ಈಗ ಮೊಟ್ಟೆ ಒಡೆದರೆ ಹಳದಿ ಭಾಗ ಹಳೇ ಬೆಣ್ಣೆಯಂತೆ ಬಿಳಿಚಿಕೊಂಡಿರುತ್ತದೆ. ಮೊಟ್ಟೆ ಇಡುವುದೂ ಕಮ್ಮಿಯಾಗಿದೆ. "ಯೂರಿಯಾ ಹಾಕಿ ಹಾಕಿ ಕಾಳಲ್ಲಿ ಏನೂ ಉಳಿದಿಲ್ಲ" ಅಂತ ನಮ್ಮ ಅತ್ತೆ. "ಕಾಳು ಅಂದ್ರೆ ಕಾಳು, ಅದರಲ್ಲಿ ಎಂಥ ವ್ಯತ್ಯಾಸ" ಅಂತ ನಮ್ಮ ಮನೆಯವರು. ನನಗೆ ಎರಡೂ ಪೂರ್ತಿ ಸರಿ ಅನ್ನಿಸುತ್ತಿಲ್ಲ.

ನಾವು ಮಾಡುವುದು ಇಷ್ಟು. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ). ಮೂವತ್ತು ದಿನಕ್ಕೆ ಎಡೆಕುಂಟೆ ಹೊಡೆದು ಎರಡು ಚೀಲ ಯೂರಿಯಾ, ಒಂದೇ ಸಲ. ಕೊಟ್ಟಿಗೆ ಗೊಬ್ಬರ ಮನೆ ಹತ್ತಿರದ ಒಂದು ಎಕರೆಗೆ ಮಾತ್ರ ಸಾಕಾಗುತ್ತದೆ.

ನಾವು ಬೆಳೆಯುವ ರೀತಿಯಿಂದ ಕಾಳಿನ ಸತ್ವ ನಿಜವಾಗಿ ಬದಲಾಗುತ್ತದಾ? ಯಾವುದರಿಂದ? ಇನ್ನು ಮೂರು ವಾರಕ್ಕೆ ಮುರಿಯುತ್ತೇವೆ. ಈ ಸಲವಾದರೂ ಸರಿ ಮಾಡಬೇಕು ಅಂತಿದ್ದೇನೆ.


ಸಾವಯವ ಶಿರಾಳಕೊಪ್ಪ | ಸೆಪ್ಟೆಂಬರ್ 21

ನಿಮ್ಮ ಅತ್ತೆ ಹೇಳಿದ್ದೇ ಸರಿ ಅಕ್ಕ. ಯೂರಿಯಾ, ಡಿಎಪಿಯಂಥ ಚೀಲದ ಗೊಬ್ಬರ ಬಿಡಿ, ಸತ್ವ ತಾನಾಗಿ ಬರುತ್ತದೆ. ಇದಕ್ಕೆ ಇಷ್ಟು ದೊಡ್ಡ ಚರ್ಚೆ ಬೇಕಾಗಿಲ್ಲ.


ನವುಲೆ ಮಣ್ಣು | ಸೆಪ್ಟೆಂಬರ್ 21

ಚರ್ಚೆ ಬೇಕು ಅಣ್ಣ, ವಿಷಯ ಅಷ್ಟು ಸುಲಭ ಇಲ್ಲ.

ಅಕ್ಕ, ನಾನು ಮಣ್ಣು ವಿಜ್ಞಾನ ಓದುತ್ತಿದ್ದೇನೆ. ನಮ್ಮ ಅಪ್ಪನೂ ಜೋಳ ಬೆಳೆಯುತ್ತಾರೆ. ಓದಿದ್ದನ್ನೂ ಹೊಲದಲ್ಲಿ ಕಂಡದ್ದನ್ನೂ ಸೇರಿಸಿ ಬರೆಯುತ್ತೇನೆ, ಉದ್ದ ಆದರೆ ಕ್ಷಮಿಸಿ.

ಮೊದಲು ಮೊಟ್ಟೆಯ ಬಣ್ಣ. ಅದಕ್ಕೆ ಯೂರಿಯಾ ಕಾರಣ ಅಲ್ಲ. ಜೋಳದ ಹಳದಿ ಬಣ್ಣ ಲುಟೀನ್, ಝಿಯಾಕ್ಸಾಂಥಿನ್ ಅನ್ನುವ ವಸ್ತುಗಳಿಂದ ಬರುತ್ತದೆ. ಕೋಳಿ ತಿಂದರೆ ಅದೇ ಬಣ್ಣ ಮೊಟ್ಟೆಗೆ ಇಳಿಯುತ್ತದೆ. ಬಿಸಿ, ಬೆಳಕು, ಗಾಳಿ ತಾಗಿದಷ್ಟೂ ಇವು ಹಾಳಾಗುತ್ತವೆ. ನಿಮ್ಮ ಕಾಳಿಗೆ ಈಗ ಹತ್ತು ತಿಂಗಳು. ತಗಡಿನ ಮಾಡಿನ ಕೆಳಗೆ ಇಟ್ಟಿದ್ದರೆ ಇನ್ನೂ ಬೇಗ ಹೋಗಿರುತ್ತದೆ. ಮೇಲಿಂದ ಕೋಳಿಗಳನ್ನು ಕೂಡಿ ಹಾಕಿದಿರಿ, ಅಂಗಳದಲ್ಲಿ ಕುಕ್ಕುತ್ತಿದ್ದ ಹಸಿರು, ಹುಳ ಎಲ್ಲ ತಪ್ಪಿತು. ದಿನಾ ಒಂದು ಹಿಡಿ ನುಗ್ಗೆ ಸೊಪ್ಪು ಹಾಕಿ ನೋಡಿ. ಮೊಟ್ಟೆ ಕಮ್ಮಿಯಾಗುವುದಕ್ಕೂ ಬರೀ ಜೋಳ ತಿನ್ನಿಸಿದ್ದೇ ಮುಖ್ಯ ಕಾರಣ ಇರಬೇಕು. ಜೋಳದಲ್ಲಿ ಸುಣ್ಣದ ಅಂಶ ತೀರ ಕಮ್ಮಿ. ಪ್ರೋಟೀನ್ ಕೂಡ ಅರೆಬರೆ.

ಇನ್ನು ಯೂರಿಯಾ. ಇಲ್ಲಿ ನಿಮ್ಮ ಅತ್ತೆಯವರ ಮಾತು ಸ್ವಲ್ಪ ತಿರುಗುಮುರುಗು. ಕಾಳಿನಲ್ಲಿ ನೂರಕ್ಕೆ 70ರಷ್ಟು ಪಿಷ್ಟ, 8ರಿಂದ 10ರಷ್ಟು ಪ್ರೋಟೀನ್, 4ರಷ್ಟು ಎಣ್ಣೆ. ಯೂರಿಯಾ ಕೊಡುವುದು ಸಾರಜನಕ, ಪ್ರೋಟೀನ್ ಆಗುವುದೇ ಸಾರಜನಕದಿಂದ. ಸಾರಜನಕ ಸಿಗದೆ ಒಣಗಿದ ಗಿಡದ ಕಾಳಲ್ಲಿ ಪ್ರೋಟೀನ್ ಇಳಿಯುತ್ತದೆ, ಚೆನ್ನಾಗಿ ಉಂಡ ಗಿಡದಲ್ಲಿ ಏರುತ್ತದೆ. ಆದರೆ ಏರಿದ್ದರಲ್ಲಿ ಹೆಚ್ಚು ಪಾಲು ಝೀನ್ ಅನ್ನುವ ಪ್ರೋಟೀನ್. ಅದರಲ್ಲಿ ಲೈಸಿನ್, ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು) ಇಲ್ಲ ಅನ್ನುವಷ್ಟು ಕಮ್ಮಿ. ನಮ್ಮ ದೇಹಕ್ಕೂ ಕೋಳಿಗೂ ಬೇಕಾದದ್ದು ಅವೇ. ಹಾಗಾಗಿ ಚೀಲಗಟ್ಟಲೆ ಯೂರಿಯಾ ಸುರಿದರೆ ಲೆಕ್ಕದಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತದೆ, ಅದರ ಗುಣ ಅಷ್ಟು ಏರುವುದಿಲ್ಲ.

ನಿಮ್ಮ ವಿಷಯದಲ್ಲಿ ಪ್ರಮಾಣಕ್ಕಿಂತ ಹೊತ್ತು ತಪ್ಪಿದೆ ಅನ್ನಿಸುತ್ತದೆ. ಮಳೆಯಾಶ್ರಯಕ್ಕೆ ಶಿಫಾರಸು ಇರುವುದು ಹೆಕ್ಟೇರಿಗೆ 100 ಕೆಜಿ ಸಾರಜನಕ, ಅಂದರೆ ಎಕರೆಗೆ 40. ಡಿಎಪಿಯಲ್ಲಿ 9 ಕೆಜಿ ಬಂತು, ಎರಡು ಚೀಲ ಯೂರಿಯಾದಲ್ಲಿ 41. ಲೆಕ್ಕಕ್ಕೆ ಕಮ್ಮಿ ಏನಿಲ್ಲ. ಆದರೆ ನೀವು ಹಾಕುವುದು ಜುಲೈ ಮಧ್ಯದಲ್ಲಿ, ಪುನರ್ವಸು ಮಳೆ ಜಡಿಯುವಾಗ. ಒಂದೇ ಸಲ ಹಾಕಿದ್ದರಲ್ಲಿ ಎಷ್ಟು ಬೇರಿಗೆ ಹೋಯಿತು, ಎಷ್ಟು ಹಳ್ಳಕ್ಕೆ ಹೋಯಿತು? ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವ ಹೊತ್ತಿಗೆ ಕೆಳಗಿನ ಎಲೆ ನೋಡಿ. ತುದಿಯಿಂದ ನಡುನರದ ಗುಂಟ ಬಾಣದ ಮೊನೆಯಂತೆ ಹಳದಿ ಒಳಗೆ ನುಗ್ಗಿದ್ದರೆ ಗಿಡ ತನ್ನ ಎಲೆಯನ್ನೇ ಬಸಿದು ತೆನೆಗೆ ಕೊಡುತ್ತಿದೆ ಅಂತ ಅರ್ಥ.


ಶಿಕಾರಿಪುರ ನಾಲ್ಕೆಕರೆ | ಸೆಪ್ಟೆಂಬರ್ 22

ತಮ್ಮಾ, ಬೆಳಿಗ್ಗೆ ಎದ್ದವಳೇ ಹೊಲಕ್ಕೆ ಹೋದೆ. ಮೇಲಿನ ಎರಡು ಎಕರೆಯಲ್ಲಿ ಕೆಳಗಿನ ನಾಲ್ಕೈದು ಎಲೆ ನೀನು ಹೇಳಿದ ಹಾಗೇ ಇದೆ. ಮನೆ ಹತ್ತಿರದ ಗೊಬ್ಬರದ ಎಕರೆಯಲ್ಲಿ ಕೆಳಗಿನ ಎಲೆಯೂ ಹಸಿರು. ಇಷ್ಟು ವರ್ಷ ಅದನ್ನು ಬೆಳೆ ಹಣ್ಣಾಗುತ್ತಿದೆ ಅಂತಲೇ ಅಂದುಕೊಂಡಿದ್ದೆ.


ಕುಂಸಿ ಎರಡೆಕರೆ | ಸೆಪ್ಟೆಂಬರ್ 22

ನಾನು ಎರಡು ವರ್ಷದಿಂದ ಮೂರು ಕಂತಿನಲ್ಲಿ ಕೊಡುತ್ತಿದ್ದೇನೆ. ಬಿತ್ತುವಾಗ ಸ್ವಲ್ಪ, ಮೊಣಕಾಲುದ್ದ ಬಂದಾಗ ಸ್ವಲ್ಪ, ಸೂಲಂಗಿ ಇಣುಕುವಾಗ ಉಳಿದದ್ದು. ಮೂರನೇ ಕಂತು ಕಷ್ಟದ ಕೆಲಸ. ಗಿಡ ತಲೆ ಮೀರಿ ಬೆಳೆದಿರುತ್ತದೆ, ಎಲೆ ಮುಖ ಕೊಯ್ಯುತ್ತದೆ. ಆಳು ಬರುವುದಿಲ್ಲ. ನಾನೂ ನನ್ನ ಹೆಂಡತಿಯೂ ಅಂಗಿ ತೋಳು ಇಳಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬುಡಕ್ಕೆ ಹಾಕುತ್ತೇವೆ.

ವ್ಯತ್ಯಾಸ ನೋಡುವುದಕ್ಕೆ ಲ್ಯಾಬಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ಅಡಕತ್ತರಿ ಇದೆಯಲ್ಲ? ಒಣಗಿದ ಕಾಳನ್ನು ಅದರಲ್ಲಿಟ್ಟು ಅಡ್ಡಕ್ಕೆ ಕತ್ತರಿಸಿ. ಒಳಗೆ ಎರಡು ಥರದ ಭಾಗ ಕಾಣುತ್ತದೆ. ಸುತ್ತ ಗಾಜಿನಂತೆ ಹೊಳೆಯುವ ಗಟ್ಟಿ ಭಾಗ, ನಡುವೆ ಸುಣ್ಣದಂತೆ ಬಿಳಿ ಹಿಟ್ಟು. ಒಂದೇ ಕಂತಿನ ಹೊಲದ ಕಾಳಿನಲ್ಲಿ ಬಿಳಿ ಹಿಟ್ಟು ಅಗಲವಾಗಿತ್ತು. ಕತ್ತರಿ ಒತ್ತಿದ ಕೂಡಲೇ ಪುಡಿಪುಡಿಯಾಗಿ ಉದುರಿತು. ಮೂರು ಕಂತಿನದ್ದು ಚಾಲಿ ಅಡಿಕೆ ಕತ್ತರಿಸಿದ ಹಾಗೆ "ಟಕ್" ಅಂತು. ತಳಿ ಒಂದೇ, ಬಿತ್ತಿದ ದಿನ ಒಂದೇ.


ನವುಲೆ ಮಣ್ಣು | ಸೆಪ್ಟೆಂಬರ್ 22

ಅಣ್ಣ, ಇದು ತುಂಬಾ ಚೆನ್ನಾಗಿದೆ. ಆ ಗಾಜಿನಂಥ ಭಾಗದಲ್ಲೇ ಪ್ರೋಟೀನ್ ಜಾಸ್ತಿ. ಒಂದೇ ತಳಿಯಲ್ಲಿ ಹೋಲಿಸುವಾಗ ಮಾತ್ರ ಇದು ಸರಿ. ಬೇರೆ ಬೇರೆ ತಳಿ ಇಟ್ಟು ನೋಡಿದರೆ ದಾರಿ ತಪ್ಪುತ್ತದೆ. ಕೆಲವು ತಳಿ ಹುಟ್ಟಿನಿಂದಲೇ ಮೆತ್ತಗಿನ ಕಾಳು.


ಸಾವಯವ ಶಿರಾಳಕೊಪ್ಪ | ಸೆಪ್ಟೆಂಬರ್ 23

ನಾನು ಹತ್ತು ವರ್ಷದಿಂದ ಗೊಬ್ಬರದ ಅಂಗಡಿ ಮೆಟ್ಟಿಲು ಹತ್ತಿಲ್ಲ. ತೂಕ ನಿಮ್ಮಷ್ಟು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ನನ್ನ ಜೋಳದ ರುಚಿ ಬೇರೆ. ರೊಟ್ಟಿ ಬೇಯುವಾಗ ಪಕ್ಕದ ಮನೆಗೆ ವಾಸನೆ ಹೋಗುತ್ತದೆ. ಅದು ಸುಳ್ಳಾ? ಕೊಟ್ಟಿಗೆ ಗೊಬ್ಬರ, ಸಗಣಿ ಗಂಜಲದ ಜೀವಾಮೃತ, ಜೋಳದ ಮಧ್ಯದ ಅಕ್ಕಡಿ ಸಾಲಿಗೆ ಅವರೆ ಮತ್ತು ತೊಗರಿ. ಇಷ್ಟೇ.


ನವುಲೆ ಮಣ್ಣು | ಸೆಪ್ಟೆಂಬರ್ 23

ಸುಳ್ಳು ಅನ್ನುತ್ತಿಲ್ಲ ಅಣ್ಣ. ನೀವು ಮಾಡುತ್ತಿರುವುದರಲ್ಲಿ ನನಗೆ ತುಂಬಾ ಗೌರವ ಇದೆ. ಕೊಟ್ಟಿಗೆ ಗೊಬ್ಬರ ಬರೀ ಸಾರಜನಕ ಕೊಡುವುದಿಲ್ಲ, ಸತು (ಜಿಂಕ್), ಗಂಧಕ, ಬೋರಾನ್ ಕೂಡ ಕೊಡುತ್ತದೆ. ನಮ್ಮ ಕಡೆ ಕೆಂಪು ಮಣ್ಣು, ಹುಳಿ ಮಣ್ಣು. ಮಳೆಗೆ ಎಲ್ಲ ತೊಳೆದು ಹೋಗುತ್ತದೆ. ಹಿಡಿದಿಟ್ಟುಕೊಳ್ಳುವುದಕ್ಕೆ ಆ ಗೊಬ್ಬರವೇ ಬೇಕು. ಅಕ್ಕಡಿಯಲ್ಲಿ ಅವರೆ, ತೊಗರಿ ಹಾಕುತ್ತೀರಲ್ಲ, ಜೋಳದಲ್ಲಿ ಇಲ್ಲದ ಲೈಸಿನ್ ಆ ಬೇಳೆಗಳಲ್ಲಿ ತುಂಬಿದೆ. ಒಂದೇ ಹೊಲದಿಂದ ತಟ್ಟೆಗೆ ಜೋಡಿ ಬರುತ್ತದೆ. ಅದು ಯಾವ ಗೊಬ್ಬರದಿಂದಲೂ ಬರುವುದಿಲ್ಲ.

ನಾನು ಒಪ್ಪದೇ ಇರುವುದು ಒಂದೇ. "ಚೀಲದ ಗೊಬ್ಬರ ಬಿಟ್ಟರೆ ಸತ್ವ ತಾನಾಗಿ ಬರುತ್ತದೆ" ಅನ್ನುವುದು. ಗೊಬ್ಬರವೂ ಇಲ್ಲದೆ, ಯೂರಿಯಾವೂ ಇಲ್ಲದೆ ಬೆಳೆದರೆ ಕಾಳು ಬಡವಾಗಿಯೇ ಬರುತ್ತದೆ. ನಿಮ್ಮ ಹೊಲದಲ್ಲಿ ಹತ್ತು ವರ್ಷದ ದುಡಿಮೆ ಮಣ್ಣಲ್ಲಿ ಕೂತಿದೆ. ಅದನ್ನು ನೋಡಿ ಇನ್ನೊಬ್ಬರು ಈ ವರ್ಷ ಸುಮ್ನೆ ಯೂರಿಯಾ ನಿಲ್ಲಿಸಿದರೆ ಅವರಿಗೆ ತೂಕವೂ ಇಲ್ಲ, ಪ್ರೋಟೀನೂ ಇಲ್ಲ.

ಇನ್ನೊಂದು ಮಾತು. ಇಳುವರಿ ಏರಿದಂತೆ ಕಾಳು ತುಂಬುವುದು ಪಿಷ್ಟದಿಂದ. ಅದೇ ಸತು, ಅದೇ ಕಬ್ಬಿಣ ಜಾಸ್ತಿ ಕಾಳಿಗೆ ಹಂಚಿ ತೆಳ್ಳಗಾಗುತ್ತದೆ. ಸಾರಿಗೆ ನೀರು ಬೆರೆಸಿದ ಹಾಗೆ. ನಿಮ್ಮ ಕಾಳಿನ ರುಚಿಯಲ್ಲಿ ಇದರ ಪಾಲೂ ಇರಬಹುದು.


ರಿಪ್ಪನ್‌ಪೇಟೆ ಹೊಸಬ | ಸೆಪ್ಟೆಂಬರ್ 24

ನಮಸ್ಕಾರ, ಇಲ್ಲಿ ಇದೇ ಮೊದಲು ಬರೆಯುತ್ತಿರುವುದು. ಶುಂಠಿ ಕಿತ್ತ ಗದ್ದೆಯಲ್ಲಿ ಮೆಕ್ಕೆಜೋಳ ಹಾಕಿದ್ದೆ. ಶುಂಠಿಗೆ ಹಾಕಿದ ಗೊಬ್ಬರ ಉಳಿದಿರುತ್ತದೆ, ಜೋಳಕ್ಕೆ ಖರ್ಚೇ ಇಲ್ಲ ಅಂದುಕೊಂಡೆ. ಇಪ್ಪತ್ತು ದಿನಕ್ಕೆ ಸುಳಿ ಬೆಳ್ಳಗಾಯಿತು. ಹೊಸ ಎಲೆಯ ಬುಡದಲ್ಲಿ ನಡುನರದ ಎರಡೂ ಪಕ್ಕ ಬಿಳಿ ಪಟ್ಟಿ. ರೋಗ ಅಂತ ಔಷಧಿ ಹೊಡೆದೆ, ಹೋಗಲಿಲ್ಲ. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕ ವಿಪರೀತ, ಸತು ತೀರ ಕಮ್ಮಿ ಅಂತ ಬಂತು. ಇದು ಕಾಳಿಗೂ ಹೋಗುತ್ತದಾ?


ನವುಲೆ ಮಣ್ಣು | ಸೆಪ್ಟೆಂಬರ್ 24

ಹೋಗುತ್ತದೆ ಸರ್. ರಂಜಕ ಜಾಸ್ತಿಯಾದರೆ ಗಿಡ ಸತು ಎತ್ತಿಕೊಳ್ಳುವುದು ಕಮ್ಮಿಯಾಗುತ್ತದೆ. ಬೇರಿನ ಜೊತೆ ಬದುಕುವ ಒಂದು ಶಿಲೀಂಧ್ರ ಇದೆ, ಮೈಕೊರೈಜಾ. ಬೇರು ತಲುಪದ ಕಡೆಯಿಂದ ಸತು ತಂದು ಕೊಡುವುದು ಅದೇ. ರಂಜಕ ಸುರಿದ ಮಣ್ಣಲ್ಲಿ ಅದೂ ಬೇರು ಬಿಟ್ಟು ದೂರ ಆಗುತ್ತದೆ. ಹಾಗಾಗಿ ಪ್ರತಿ ವರ್ಷ ಕಣ್ಣು ಮುಚ್ಚಿ ಡಿಎಪಿ ಹಾಕುವವರೂ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಪರಿಹಾರಕ್ಕೆ ಸಾಮಾನ್ಯವಾಗಿ ಎಕರೆಗೆ 10 ಕೆಜಿವರೆಗೆ ಜಿಂಕ್ ಸಲ್ಫೇಟ್ ಬಿತ್ತುವಾಗ ಮಣ್ಣಿಗೆ. ಡಿಎಪಿ ಜೊತೆ ಬೆರೆಸಬೇಡಿ, ಬೇರೆ ಹಾಕಿ. ಬೆಳೆ ನಿಂತಿದ್ದರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣದ ತಿಳಿ ಸೇರಿಸಿ ಎಲೆಗೆ ಸಿಂಪಡಿಸಿ. ಎಲೆಗೆ ಹೊಡೆದದ್ದರಿಂದ ಗೋಧಿಯಲ್ಲಿ ಕಾಳಿನ ಸತು ಚೆನ್ನಾಗಿ ಏರುತ್ತದೆ. ಜೋಳದಲ್ಲಿ ಅಷ್ಟು ಏರುವುದಿಲ್ಲ, ಆದರೂ ಪ್ರಯೋಜನ ಇದೆ. ಹುಳಿ ಮಣ್ಣು ಅಂತ ಸುಣ್ಣ ಹಾಕುವವರು ಅಳತೆ ಮೀರಬೇಡಿ. ಅದೂ ಸತುವನ್ನು ಕಟ್ಟಿ ಹಾಕುತ್ತದೆ.


ಸೊರಬ ಕೋಳಿ ಫಾರಂ | ಸೆಪ್ಟೆಂಬರ್ 25

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಎಲ್ಲರೂ ಪ್ರೋಟೀನ್, ಸತು ಅನ್ನುತ್ತಿದ್ದೀರಿ. ನಾನು ವರ್ಷಪೂರ್ತಿ ಜೋಳ ಕೊಳ್ಳುವವನು. ನನ್ನ ಭಯ ಬೇರೆ. ಬೂಷ್ಟು.

ಪ್ರೋಟೀನ್ ಕಮ್ಮಿಯಿದ್ದರೆ ಸೋಯಾ ಹಿಂಡಿ ಹಾಕಿ ಸರಿ ಮಾಡುತ್ತೇನೆ. ಲೈಸಿನ್ ಪುಡಿ ಸಿಗುತ್ತದೆ. ಬೂಷ್ಟು ಹಿಡಿದ ಜೋಳವನ್ನು ಏನು ಹಾಕಿಯೂ ಸರಿ ಮಾಡಲು ಆಗುವುದಿಲ್ಲ. ಬೂಷ್ಟು ಉಗುಳುವ ವಿಷ, ಅಫ್ಲಾಟಾಕ್ಸಿನ್, ಕೋಳಿಯ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ. ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. ಹಸು ತಿಂದರೆ ಹಾಲಿಗೆ ಬರುತ್ತದೆ. ಆ ಹಾಲು ಕುಡಿಯುವುದು ನಮ್ಮದೇ ಮಕ್ಕಳು. ಆಹಾರ ಧಾನ್ಯಕ್ಕೆ ನಮ್ಮ ದೇಶದಲ್ಲಿ ಇಟ್ಟಿರುವ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂ ತೂಕವನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಒಂದು. ಕಣ್ಣಿಗೆ ಕಾಣುವ ಮಾತೇ ಇಲ್ಲ.

ಇದು ಬರೀ ಕೋಳಿ ಸಮಾಚಾರ ಅಲ್ಲ. 1974ರಲ್ಲಿ ಗುಜರಾತ್, ರಾಜಸ್ಥಾನದ ಬುಡಕಟ್ಟು ಊರುಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂತು. ಜೋಳ ಸರಿಯಾಗಿ ಒಣಗಲಿಲ್ಲ. ಬೂಷ್ಟು ಹಿಡಿದದ್ದನ್ನೇ ತಿಂದು ಸುಮಾರು 400 ಜನಕ್ಕೆ ಕಾಮಾಲೆ ಆಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅವರಿಗೆ ಬೇರೆ ಊಟ ಇರಲಿಲ್ಲ. ನನಗೆ ಇದನ್ನು ಪಶುವೈದ್ಯರೊಬ್ಬರು ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಈಗ ಇನ್ನೊಂದು ಸೇರಿಕೊಂಡಿದೆ. ಜೋಳದಿಂದ ಎಥೆನಾಲ್ ತೆಗೆದು ಉಳಿದ ಚರಟ, ಡಿಡಿಜಿಎಸ್ ಅನ್ನುತ್ತಾರೆ, ಅದು ಪಶು ಆಹಾರಕ್ಕೆ ಬರುತ್ತಿದೆ. ಪಿಷ್ಟ ಹೋಗಿ ಪ್ರೋಟೀನ್ ಗಟ್ಟಿಯಾಗಿರುತ್ತದೆ, ಒಳ್ಳೆಯದೇ. ಆದರೆ ಕಾಳಲ್ಲಿ ವಿಷ ಇದ್ದರೆ ಅದೂ ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತದೆ.

ಅಕ್ಕ, ನಿಮ್ಮ ಎಂಟು ಚೀಲವನ್ನು ಹೋದ ವರ್ಷ ಹೇಗೆ ಒಣಗಿಸಿದಿರಿ?


ಶಿಕಾರಿಪುರ ನಾಲ್ಕೆಕರೆ | ಸೆಪ್ಟೆಂಬರ್ 25

ನಿಮ್ಮ ಪ್ರಶ್ನೆ ನೋಡಿ ಎದೆ ಧಸಕ್ ಅಂತು.

ಹೋದ ವರ್ಷ ತೆನೆ ಮುರಿದ ಎರಡನೇ ದಿನವೇ ಮೋಡ ಕಟ್ಟಿತು. ಸಿಪ್ಪೆ ಸಮೇತ ಕಣದಲ್ಲಿ ರಾಶಿ ಹಾಕಿ ತಾಡಪಾಲು ಹೊದಿಸಿದೆವು. ಒಂಬತ್ತು ದಿನ ಹಾಗೇ ಇತ್ತು. ರಾಶಿಯ ಒಳಗೆ ಕೈ ಹಾಕಿದರೆ ಬಿಸಿ ಹಬೆ, ಹುಳಿ ವಾಸನೆ. ಬಾಡಿಗೆ ಮಿಷನ್ ಸಿಕ್ಕ ದಿನ ಹಸಿಯಾಗಿದ್ದರೂ ಒಕ್ಕಿಸಿಬಿಟ್ಟೆವು, ಇಲ್ಲದಿದ್ದರೆ ಇನ್ನೊಂದು ವಾರ ಕಾಯಬೇಕಿತ್ತು. ಕಾಳು ತುಂಬಾ ಒಡೆಯಿತು. ಮಂಡಿಗೆ ಹೋಗಬೇಕಾದ್ದನ್ನು ಮೊದಲು ಒಣಗಿಸಿದೆವು. ಮನೆಯ ಚೀಲಕ್ಕೆ ಉಳಿದದ್ದು ಕೊನೆಗೆ ಗುಡಿಸಿದ ಕಾಳು.

ಮನೆಗೆ ಇಟ್ಟದ್ದೇ ಕೆಟ್ಟದ್ದು. ಇವತ್ತು ಒಂದು ಚೀಲ ಬಿಚ್ಚಿ ಮೊರದಲ್ಲಿ ಹರಡಿ ನೋಡಿದೆ. ಒಡೆದ ಕಾಳಿನ ಸಂದಿಯಲ್ಲಿ ಪಾಚಿ ಬಣ್ಣದ ಪುಡಿ. ಕೆಲವು ಕಾಳಿನ ನೆತ್ತಿಯಲ್ಲಿ ನೂಲಿನಂತೆ ಬಿಳಿ ಗೆರೆ.


ಸೊರಬ ಕೋಳಿ ಫಾರಂ | ಸೆಪ್ಟೆಂಬರ್ 25

ಇವತ್ತಿನಿಂದಲೇ ಆ ಚೀಲ ನಿಲ್ಲಿಸಿ ಅಕ್ಕ. ಕೋಳಿಗೂ ಬೇಡ, ಹಸುವಿಗೂ ಬೇಡ, ನಿಮಗಂತೂ ಬೇಡವೇ ಬೇಡ. ತೊಳೆದು ಒಣಗಿಸಿ ಹಾಕುತ್ತೇನೆ ಅನ್ನಬೇಡಿ. ನಷ್ಟ ಅಂತ ಗೊತ್ತು.


ನವುಲೆ ಮಣ್ಣು | ಸೆಪ್ಟೆಂಬರ್ 25

ಅಣ್ಣ ಹೇಳಿದ್ದೇ ಸರಿ. ಪಾಚಿ ಬಣ್ಣದ್ದು ಅಫ್ಲಾಟಾಕ್ಸಿನ್ ಮಾಡುವ ಆಸ್ಪರ್ಜಿಲಸ್ ಬೂಷ್ಟು ಇರಬೇಕು, ಬಿಳಿ ಗೆರೆ ಫ್ಯುಸೇರಿಯಂ ಅನ್ನುವ ಇನ್ನೊಂದು ಬೂಷ್ಟು. ಎರಡನೆಯದರ ವಿಷ ಬೇರೆ, ಫ್ಯುಮೊನಿಸಿನ್. ಕಾಳು ಒಡೆದ ಕಡೆ, ಹುಳ ಕೊರೆದ ಕಡೆ ಇವು ಒಳಗೆ ನುಗ್ಗುತ್ತವೆ. ಹೊಲದಲ್ಲಿ ಕಾಳು ಕಟ್ಟುವಾಗ ಬರ ಬಿದ್ದರೆ ಅಫ್ಲಾಟಾಕ್ಸಿನ್ ಅಲ್ಲಿಂದಲೇ ಶುರುವಾಗುತ್ತದೆ. ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ತೆನೆಯ ತುದಿ ಕೊರೆದರೂ ಹಾಗೇ. 2018ರ ಮೇ ತಿಂಗಳಲ್ಲಿ ಆ ಹುಳು ದೇಶದಲ್ಲೇ ಮೊದಲು ಸಿಕ್ಕಿದ್ದು ನಮ್ಮ ಶಿವಮೊಗ್ಗದ ಕೃಷಿ ಕಾಲೇಜಿನ ಜೋಳದಲ್ಲಿ. ಅದರ ಕಾಟವನ್ನು ಇಳುವರಿ ನಷ್ಟ ಅಂತ ಮಾತ್ರ ಲೆಕ್ಕ ಹಾಕುತ್ತೇವೆ. ತೂತಾದ ತೆನೆಯ ಕಾಳು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದಿಲ್ಲ.


ಆನವಟ್ಟಿ ಮಂಡಿ | ಸೆಪ್ಟೆಂಬರ್ 26

ವ್ಯಾಪಾರದವನಾಗಿ ಒಂದು ಮಾತು. ನಾವು ನೋಡುವುದು ತೇವಾಂಶ, ಕಸ, ಒಡಕು, ಬೂಷ್ಟು, ಬಣ್ಣ. ಮೀಟರ್‌ನಲ್ಲಿ ತೇವ ನೂರಕ್ಕೆ 14 ಇದ್ದರೆ ಸರಿ, ಮೇಲಿದ್ದರೆ ಕಡಿತ. ಪ್ರೋಟೀನ್ ಎಷ್ಟು ಅಂತ ನನ್ನ ಹತ್ತಿರ ಇದುವರೆಗೆ ಯಾರೂ ಕೇಳಿಲ್ಲ, ನಾನೂ ಯಾರಿಗೂ ಕೇಳಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಅಂತ ಇತ್ತಲ್ಲ, ಅದೂ ತೂಕಕ್ಕೆ. ಮೂರನೇ ಕಂತು ಯೂರಿಯಾಕ್ಕೆ ಮುಖ ಕೊಯ್ಸಿಕೊಂಡವರಿಗೆ ಮಂಡಿಯಲ್ಲಿ ಒಂದು ರೂಪಾಯಿ ಜಾಸ್ತಿ ಸಿಗುವುದಿಲ್ಲ. ನನಗೇ ಬೇಜಾರಾಗುತ್ತದೆ, ಆದರೆ ವಿಷಯ ಹೀಗಿದೆ.


ಕುಂಸಿ ಎರಡೆಕರೆ | ಸೆಪ್ಟೆಂಬರ್ 26

ಸಿಗದಿದ್ದರೆ ಬೇಡ. ಮನೆಗೆ ಇಟ್ಟುಕೊಳ್ಳುವ ಅರ್ಧ ಎಕರೆಗಾದರೂ ನಾನು ಕೊಡುತ್ತೇನೆ.

ಅಂದ ಹಾಗೆ ಜಾಸ್ತಿ ಪ್ರೋಟೀನ್ ತಳಿ ಅಂತ ಒಂದು ಇದೆಯಂತಲ್ಲ, ಅದರ ಕಥೆ ಏನು?


ನವುಲೆ ಮಣ್ಣು | ಸೆಪ್ಟೆಂಬರ್ 27

ಕ್ಯೂಪಿಎಂ. ಗುಣಮಟ್ಟದ ಪ್ರೋಟೀನ್ ಜೋಳ. ಅದರಲ್ಲಿ ಪ್ರೋಟೀನ್ ಪ್ರಮಾಣ ಹೆಚ್ಚೇನಿಲ್ಲ, ಲೈಸಿನ್ ಮತ್ತು ಟ್ರಿಪ್ಟೊಫಾನ್ ಸುಮಾರು ಎರಡು ಪಟ್ಟು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1964ರಲ್ಲಿ ಓಪೇಕ್-2 ಅನ್ನುವ ಗುಣದ ಈ ಗುಟ್ಟು ಬಿಚ್ಚಿಟ್ಟರು. ನಮ್ಮ ದೇಶದಲ್ಲೂ 1971ರಲ್ಲಿ ಶಕ್ತಿ, ರತ್ತನ್, ಪ್ರೋಟಿನಾ ಅಂತ ಮೂರು ತಳಿ ಬಂದವು. ಆದರೆ ಕಾಳು ಸುಣ್ಣದಂತೆ ಮೆತ್ತಗೆ, ತೂಕ ಕಮ್ಮಿ, ಹುಳ ಜಾಸ್ತಿ. ರೈತರು ಕೈಬಿಟ್ಟರು. ತೂಕಕ್ಕೆ ದುಡ್ಡು ಕೊಡುವಲ್ಲಿ ಬೇರೆ ಏನು ಮಾಡುತ್ತಾರೆ?

ಮೆಕ್ಸಿಕೋದಲ್ಲಿರುವ ಮೆಕ್ಕೆಜೋಳ, ಗೋಧಿ ಸಂಶೋಧನೆಯ ಸಿಮಿಟ್ ಸಂಸ್ಥೆಯಲ್ಲಿ ಸುರಿಂದರ್ ವಸಲ್ ಮತ್ತು ಇವಾಂಜೆಲಿನಾ ವಿಲ್ಲೆಗಾಸ್ ಬಿಡದೆ ವರ್ಷಗಟ್ಟಲೆ ದುಡಿದು ಅದೇ ಗುಣವನ್ನು ಗಟ್ಟಿ ಕಾಳಿಗೆ ತಂದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು. ವಸಲ್ ನಮ್ಮ ದೇಶದಲ್ಲಿ ಹುಟ್ಟಿದವರು. ಈಗ ಎಚ್‌ಕ್ಯೂಪಿಎಂ-1, ವಿವೇಕ್ ಕ್ಯೂಪಿಎಂ-9 ಅಂಥ ಹೈಬ್ರಿಡ್‌ಗಳಿವೆ. 2017ರಲ್ಲಿ ಬಂದ ಪೂಸಾ ವಿವೇಕ್ ಕ್ಯೂಪಿಎಂ-9 ಸುಧಾರಿತ ತಳಿಯಲ್ಲಿ ಎ ವಿಟಮಿನ್ ಆಗುವ ಬಣ್ಣವೂ ಜಾಸ್ತಿ.

ಬೆಳೆಯುವವರು ಒಂದು ಎಚ್ಚರ ವಹಿಸಬೇಕು. ಪಕ್ಕದ ಹೊಲದ ಮಾಮೂಲಿ ಜೋಳದ ಪರಾಗ ಬಿದ್ದರೆ ಆ ಕಾಳು ಅದೇ ವರ್ಷ ಮಾಮೂಲಿ ಕಾಳಾಗುತ್ತದೆ. ಜೋಳದಲ್ಲಿ ಕಾಳಿನ ಹಿಟ್ಟಿಗೂ ಗಂಡಿನ ಪಾಲು ಬರುತ್ತದೆ. ಹಾಗಾಗಿ ಮನೆಗೆ ಬೇಕಾದದ್ದನ್ನು ಅಂಚಿನ ಸಾಲಿನಿಂದ ಮುರಿಯಬೇಡಿ, ಹೊಲದ ನಡುವಿನಿಂದ ಮುರಿಯಿರಿ. ಇಲ್ಲದಿದ್ದರೆ ಅಕ್ಕಪಕ್ಕದವರು ಬಿತ್ತಿದ ಮೂರು ನಾಲ್ಕು ವಾರ ಬಿಟ್ಟು ಬಿತ್ತಿ. ಸೂಲಂಗಿ ಒಂದೇ ಹೊತ್ತಿಗೆ ಬರಬಾರದು.


ಸಾಗರದ ಅಡುಗೆಮನೆ | ಸೆಪ್ಟೆಂಬರ್ 28

ನಾವು ಅಕ್ಕಿ ರೊಟ್ಟಿ, ಕಡುಬಿನ ಕಡೆಯವರು. ಆದರೂ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಮೆಕ್ಕೆಜೋಳದ ನುಚ್ಚಿನ ಗಂಜಿ ಇದ್ದೇ ಇರುತ್ತದೆ. ಒಂದು ವಿಷಯ ಸೇರಿಸಬಹುದಾ?

ಬೆಳೆದ ಸತ್ವವನ್ನು ಗಿರಣಿಯಲ್ಲಿ ಕಳೆಯಬೇಡಿ. ಕಾಳಿನ ಮೂತಿಯಲ್ಲಿರುವ ಮೊಳಕೆ ಭಾಗದಲ್ಲೇ ಎಣ್ಣೆ, ಸತು, ಒಳ್ಳೆಯ ಪ್ರೋಟೀನ್ ಎಲ್ಲ ಇರುವುದು. ಅಂಗಡಿಯ ನಯ ರವೆಯಲ್ಲಿ ಅದನ್ನು ತೆಗೆದಿರುತ್ತಾರೆ, ಬೇಗ ಮುಗ್ಗಬಾರದು ಅಂತ. ಮನೆಯ ಜೋಳವನ್ನು ಇಡಿಯಾಗಿ, ವಾರಕ್ಕೆ ಬೇಕಾದಷ್ಟೇ ಬೀಸಿಸಿ. ನುಚ್ಚನ್ನು ರಾತ್ರಿ ನೆನೆಸಿ ಸ್ವಲ್ಪ ಹುಳಿ ಬರಿಸಿದರೆ ಸತು, ಕಬ್ಬಿಣ ಮೈಗೆ ಹಿಡಿಯುವುದು ಜಾಸ್ತಿ.

ಮೆಕ್ಸಿಕೋ ಕಡೆಯವರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಬಿಟ್ಟು, ತೊಳೆದು ಅರೆಯುತ್ತಾರೆ. ಜೋಳದಲ್ಲಿ ಕಟ್ಟಿಕೊಂಡಿರುವ ನಯಾಸಿನ್ ಅನ್ನುವ ಬಿ ವಿಟಮಿನ್ ಅದರಿಂದ ಬಿಡಿಸಿಕೊಳ್ಳುತ್ತದೆ. ಜೋಳವನ್ನು ಮಾತ್ರ ತಂದು ಈ ಸುಣ್ಣದ ಪದ್ಧತಿ ಬಿಟ್ಟುಬಂದ ಇಟಲಿ, ಸ್ಪೇನ್ ಕಡೆ ಬಡವರಿಗೆ ನಯಾಸಿನ್ ಕೊರತೆಯ ರೋಗ, ಪೆಲ್ಲಾಗ್ರಾ, ಬಂತು. ನಾನು ಕೆಜಿ ಕಾಳಿಗೆ 10 ಗ್ರಾಂ ತಿನ್ನುವ ಸುಣ್ಣ ಹಾಕಿ ಮಾಡಿ ನೋಡಿದೆ. ಸಿಪ್ಪೆ ಕೈಯಲ್ಲಿ ಉಜ್ಜಿದರೆ ಜಾರಿ ಬರುತ್ತದೆ. ರೊಟ್ಟಿ ತಟ್ಟುವಾಗ ಅಂಚು ಬಿರುಕು ಬಿಡಲಿಲ್ಲ.


ಹೊಸನಗರದ ಅಜ್ಜ | ಸೆಪ್ಟೆಂಬರ್ 29

ಮೊಮ್ಮಗಳ ಕೈಲಿ ಬರೆಸುತ್ತಿದ್ದೇನೆ. ನಾನು ಜೋಳ ಬೆಳೆಯುವವನಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಬೆಳೆ ಒಣಗಿಸುವ ಕಷ್ಟ ಅಡಿಕೆಯವರಿಗಿಂತ ಯಾರಿಗೆ ಗೊತ್ತು?

ತಾಡಪಾಲು ಹೊದಿಸುವುದು ಮಳೆ ತಡೆಯುವುದಕ್ಕೆ, ಒಣಗಿಸುವುದಕ್ಕಲ್ಲ ತಾಯಿ. ಒಳಗಿನ ನೀರು ಎಲ್ಲಿಗೆ ಹೋಗಬೇಕು? ಬಿದಿರು ತಟ್ಟಿಯ ಗೂಡು ಮಾಡಿ. ಉದ್ದ ಎಷ್ಟಾದರೂ ಇರಲಿ, ಅಗಲ ಎರಡೂವರೆ ಅಡಿ ಮೀರಬಾರದು. ಗಾಳಿ ಬೀಸುವ ಕಡೆಗೆ ಉದ್ದದ ಮೈ ಒಡ್ಡಿ ನಿಲ್ಲಿಸಿ. ನೆಲದಿಂದ ಮೂರಡಿ ಮೇಲೆ, ತಲೆಗೆ ಸೋಗೆಯೋ ತಗಡೋ. ಸಿಪ್ಪೆ ಪೂರ್ತಿ ಸುಲಿದು ತೆನೆ ತುಂಬಿ. ಕಾಲಿಗೆ ತಗಡಿನ ಪಟ್ಟಿ ಸುತ್ತಿದರೆ ಇಲಿ ಹತ್ತುವುದಿಲ್ಲ. ಅಡಿಕೆಯವರ ಡ್ರೈಯರ್ ಕೇಳಿದರೆ ಕೊಟ್ಟಾರು, ಆದರೆ ಅವರ ಕೊನೆ ಕೊಯ್ಲೂ ಅದೇ ಹೊತ್ತಿಗೆ. ಕಾಯಿಸಿದರೂ ಹದ ಬೇಕು.


ನವುಲೆ ಮಣ್ಣು | ಸೆಪ್ಟೆಂಬರ್ 29

ಅಜ್ಜ ಹೇಳಿದ ಗೂಡಿನ ಅಗಲ ಬಹಳ ಮುಖ್ಯ. ನಮ್ಮಂಥ ತೇವದ ಊರಿಗೆ ಅಷ್ಟೇ ಇರಬೇಕು. ಡ್ರೈಯರ್ ಬಿಸಿ 60 ಡಿಗ್ರಿ ಮೀರಿದರೆ ಕಾಳಿನೊಳಗೆ ಬಿರುಕು ಬಿಡುತ್ತದೆ, ಪ್ರೋಟೀನೂ ಕೆಡುತ್ತದೆ.

ಯಾವಾಗ ಮುರಿಯಬೇಕು ಅಂತ ತಿಳಿಯಲು ತೆನೆಯ ನಡುವಿನಿಂದ ಒಂದು ಕಾಳು ಕಿತ್ತು ಬುಡದ ಮೊನೆಯನ್ನು ಉಗುರಲ್ಲಿ ಕೆರೆಯಿರಿ. ಕಪ್ಪು ಚುಕ್ಕೆ ಕಂಡರೆ ಕಾಳು ತುಂಬಿ ಮುಗಿದಿದೆ. ಆಮೇಲೆ ಹೊಲದಲ್ಲಿ ನಿಂತು ಬರುವ ಲಾಭ ಏನಿಲ್ಲ, ಬರೀ ಒಣಗಬೇಕು. ಮಳೆ ಸೂಚನೆ ಇದ್ದರೆ ಬೇಗ ಮುರಿದು ಗೂಡಿಗೆ ಹಾಕಿ.

ಮೀಟರ್ ಇಲ್ಲದವರಿಗೆ ಉಪ್ಪಿನ ಬಾಟಲಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿ, ಹುರಿದು ಆರಿಸಿದ ಪುಡಿ ಉಪ್ಪು ಎರಡು ಚಮಚ, ಮೂರನೇ ಒಂದು ಪಾಲು ಕಾಳು. ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ ಹದಿನೈದು ನಿಮಿಷ ಇಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಜಾಸ್ತಿ. ಚೀಲಕ್ಕೆ ತುಂಬಬೇಡಿ.


ಶಿಕಾರಿಪುರ ನಾಲ್ಕೆಕರೆ | ನವೆಂಬರ್ 16

ತುಂಬಾ ದಿನ ಆಯಿತು, ಕೆಲಸದಲ್ಲಿ ಬರೆಯಲು ಆಗಲಿಲ್ಲ. ಎಲ್ಲರಿಗೂ ನಡೆದದ್ದು ಹೇಳಬೇಕು.

ಹಳೇ ಜೋಳ ಉಳಿದದ್ದು ಎರಡು ಚೀಲ. ಗುಂಡಿ ತೋಡಿ ಮುಚ್ಚಿದೆವು. ಅತ್ತೆ ನೋಡುತ್ತಾ ನಿಂತಿದ್ದರು, ಬೇಡ ಅನ್ನಲಿಲ್ಲ.

ಈ ಸಲ ಮನೆಯ ಪಾಲನ್ನು ಮೊದಲೇ ಬೇರೆ ಮಾಡಿದೆ. ಗೊಬ್ಬರ ಹಾಕಿದ ಎಕರೆಯ ನಡುವಿನ ಸಾಲುಗಳು. ಕಪ್ಪು ಚುಕ್ಕೆ ನೋಡಿ ಅಕ್ಟೋಬರ್ 14ಕ್ಕೆ ಮುರಿದೆವು. ಹುಳ ತಿಂದ ತೆನೆ, ತುದಿ ಕೊಳೆತ ತೆನೆ ಒಂದು ಬುಟ್ಟಿಗೆ, ಒಳ್ಳೆಯದು ಇನ್ನೊಂದಕ್ಕೆ. ಕೆಟ್ಟ ಬುಟ್ಟಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ನಮ್ಮ ಮನೆಯವರು ಅಜ್ಜ ಹೇಳಿದ ಅಳತೆಗೇ ಬಿದಿರಿನ ಗೂಡು ಕಟ್ಟಿದರು. ನಾಲ್ಕು ದಿನದ ಕೆಲಸ. ಮಧ್ಯೆ ಎರಡು ಸಲ ಜೋರು ಮಳೆ ಬಂತು. ರಾತ್ರಿ ಎದ್ದು ಟಾರ್ಚ್ ಹಿಡಿದು ಹೋಗಿ ತೆನೆಗಳ ಮಧ್ಯೆ ಕೈ ತೂರಿಸಿದೆ. ತಣ್ಣಗಿತ್ತು.

ಮೂರು ವಾರಕ್ಕೆ ಉಪ್ಪು ಇನ್ನೂ ಗಾಜಿಗೆ ಅಂಟುತ್ತಿತ್ತು. ಮನೆಯಲ್ಲಿ ಒಕ್ಕಿಬಿಡೋಣ ಅಂದರು, ನಾನು ಬೇಡ ಅಂದೆ. ಇನ್ನೊಂದು ವಾರ ಬಿಟ್ಟು ಬಿಸಿಲು ಬಂದ ಮೇಲೆ ಒಕ್ಕಿಸಿದೆವು. ಮಿಷನ್ ನಿಧಾನ ಮಾಡಿಸಿದೆ. ಎರಡು ದಿನ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಹರಡಿದೆವು. ಇವತ್ತು ಬೆಳಿಗ್ಗೆ ಬಾಟಲಿ ಕುಲುಕಿದೆ. ಉಪ್ಪು ಒಂದು ಹರಳೂ ಗಾಜಿಗೆ ಹತ್ತಲಿಲ್ಲ, ಮರಳಿನಂತೆ ಕೆಳಗೆ ಕೂತಿತು.

ಕುಂಸಿ ಅಣ್ಣ, ಅಡಕತ್ತರಿಯನ್ನೂ ತೆಗೆದೆ. ಮನೆ ಹತ್ತಿರದ ಎಕರೆಯ ಹತ್ತು ಕಾಳು, ಮೇಲಿನ ಹೊಲದ ಹತ್ತು ಕಾಳು. ಮಣೆಯ ಮೇಲೆ ಸಾಲಾಗಿ ಇಟ್ಟು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮೇಲಿನ ಹೊಲದ ಕಾಳಿನ ಬಿಳಿ ಹಿಟ್ಟನ್ನು ಬೆರಳಿಂದ ಒತ್ತಿ, "ಇದಕ್ಕೂ ಬರುವ ವರ್ಷ ಕೊಟ್ಟಿಗೆ ಗೊಬ್ಬರ ಸಾಲುತ್ತದಾ?" ಅಂದರು. ಸಾಲುವುದಿಲ್ಲ. ಅವರೆ ಅಕ್ಕಡಿ ಹಾಕಿ, ಯೂರಿಯಾ ಮೂರು ಕಂತು ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ. ಮಣ್ಣು ಪರೀಕ್ಷೆಗೆ ನಾಲ್ಕೂ ಎಕರೆಯಿಂದ ಮಣ್ಣು ತೆಗೆದಿಟ್ಟಿದ್ದೇನೆ, ಸೋಮವಾರ ರೈತ ಸಂಪರ್ಕ ಕೇಂದ್ರಕ್ಕೆ ಕೊಡುತ್ತೇನೆ.

ಶಿರಾಳಕೊಪ್ಪದ ಅಣ್ಣ, ನಿಮ್ಮ ಅವರೆ ಬೀಜ ಎರಡು ಸೇರು ಸಿಗುತ್ತದಾ? ದುಡ್ಡು ಕೊಟ್ಟೇ ತರುತ್ತೇನೆ.


ಸಾವಯವ ಶಿರಾಳಕೊಪ್ಪ | ನವೆಂಬರ್ 16

ದುಡ್ಡು ಬೇಡ ಅಕ್ಕ. ಸಂತೆ ದಿನ ಬನ್ನಿ, ಬೀಜ ಬೇರೆ ಎತ್ತಿಟ್ಟಿರುತ್ತೇನೆ. ಬರುವಾಗ ಆ ಉಪ್ಪಿನ ಬಾಟಲಿಯನ್ನೂ ತನ್ನಿ. ನನ್ನ ಚೀಲಗಳನ್ನು ಇದುವರೆಗೆ ಹಲ್ಲಲ್ಲಿ ಕಚ್ಚಿ ನೋಡಿಯೇ ಕಟ್ಟುತ್ತಿದ್ದೆ. ಒಮ್ಮೆ ನೋಡಿಬಿಡೋಣ.